ಹೆಬ್ಬೆರಳ ಸಾಕ್ಷಿ

ಮೂಳೆ ಬಿರುಕು ಬಿಟ್ಟಿರಬಹುದು. ನಿದ್ದೆಯಲ್ಲಿದ್ದಾಗ ಚೇಳು ಕುಟುಕಿ ಹೋಗಿರಬಹುದು, ವಿಷ ಆಗಲೇ ಮೊಣಕಾಲಿನ ತನಕ ಏರಿರಬಹುದು. ಸಕ್ಕರೆ ಕಾಯಿಲೆ ಗೊತ್ತಾಗದಂತೆ ಬೆಳೆದು ಬೆರಳು ಒಳಗಿಂದ ಕೊಳೆಯುತ್ತಿರಬಹುದು. ಹಾಗಿದ್ದರೆ ಮೊದಲು ಬೆರಳು ತೆಗೆಯುತ್ತಾರೆ, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ. ಊರಿಗೆ ಊರನ್ನೇ ಕುಂಟಿಸುತ್ತಿದ್ದ ಚಿಕುನ್‌ಗುನ್ಯಾ ಕಡೆಗೂ ನಮ್ಮ ಮನೆಯ ವಿಳಾಸ ಪತ್ತೆ ಮಾಡಿರಬಹುದು. ಕೀಲಿನೊಳಗೆ ಕೀವು ತುಂಬಿರಬಹುದು. ಮೂಳೆಯ ಟಿ.ಬಿ. ಇರಬಹುದು. ಕೈಕಾಲಿನ ಗೆಣ್ಣುಗಳನ್ನೆಲ್ಲ ಸೊಟ್ಟ ಮಾಡುವ ಸಂಧಿವಾತದ ಮೊದಲ ಕಂತು ಇರಬಹುದು. ಬೆನ್ನಿನಲ್ಲಿ ನರ ಸಿಕ್ಕಿಕೊಂಡು ನೋವನ್ನು ಕೆಳಕ್ಕೆ ಕಳಿಸುತ್ತಿರಬಹುದು. ಕ್ಯಾನ್ಸರಂತೂ ಎಲ್ಲಿ ಬೇಕಾದರೂ ಇರಬಹುದು.

ಇಷ್ಟನ್ನೂ ನಾನು ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ದೂರ ಹೆಚ್ಚೇನಿಲ್ಲ. ಆದರೆ ಆ ಬೆಳಗಿನ ಜಾವ ಗೋಡೆ ಹಿಡಿದುಕೊಂಡು, ಬಲಗಾಲನ್ನು ನೆಲಕ್ಕೆ ತಾಗಿಸದೆ ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಸಂಡೂರಿನಿಂದ ಹೊಸಪೇಟೆಗೆ ಬರುವಾಗ ನಮ್ಮ ಬಸ್ಸಿನ ಮುಂದೆ ಒಂದು ಟ್ಯಾಂಕರು ರಸ್ತೆಗೆ ನೀರು ಸಿಂಪಡಿಸುತ್ತ ಹೋಗುತ್ತಿತ್ತು. ಅದಿರಿನ ಕೆಂಪು ಧೂಳು ನೆನೆದರೆ ಒಂದು ವಾಸನೆ ಬರುತ್ತದೆ, ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೀರು ನಿಂತಂತೆ. ಕಿಟಕಿಯಿಂದ ಆ ವಾಸನೆ ಬಂದದ್ದೇ ತಡ, ಚಪ್ಪಲಿಯೊಳಗೆ ನನ್ನ ಬಲಗಾಲಿನ ಹೆಬ್ಬೆರಳು ಮುದುರಿಕೊಂಡಿತು. ಆ ಬೇಸಿಗೆ ನನಗಿಂತ ಮೊದಲು ಅದಕ್ಕೆ ನೆನಪಾಗಿತ್ತು.

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಾನು ಹೊಸಪೇಟೆಯಲ್ಲಿ ಲಾರಿ, ಟಿಪ್ಪರುಗಳಿಗೆ ವಿಮೆ ಮಾಡಿಸುವ ಏಜೆಂಟ್. ಏನೇನು ಕೆಟ್ಟದ್ದಾಗಬಹುದು ಎಂದು ಯೋಚಿಸಿದ್ದಕ್ಕೇ ಕಮಿಷನ್ ಸಿಗುವ ಕೆಲಸ. ಹುಟ್ಟುಗುಣಕ್ಕೆ ಇಷ್ಟು ಹೊಂದುವ ಉದ್ಯೋಗ ಎಲ್ಲರಿಗೂ ಸಿಗುವುದಿಲ್ಲ. ಗುಡ್ಡದಿಂದ ಅದಿರು ಹೊತ್ತ ಗಾಡಿಗಳು ಹಗಲೂ ರಾತ್ರಿ ಸಾಲುಗಟ್ಟಿ ಇಳಿಯುತ್ತಿದ್ದವು. ಒಗೆದು ಹರವಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಕಾವಿಯಾಗಿ, ನಾನು ಸನ್ಯಾಸ ತೆಗೆದುಕೊಂಡವನಂತೆ ಓಡಾಡುತ್ತಿದ್ದೆ. ಆದರೆ ಸುತ್ತಲಿನ ಯಾರಿಗೂ ವೈರಾಗ್ಯದ ಸುಳಿವಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಲುಗಪ್ಪ ಒಂದರ ಹಿಂದೊಂದು ಟಿಪ್ಪರು ತೆಗೆದುಕೊಂಡ. ಪ್ರತಿ ಗಾಡಿಗೂ ಪೂಜೆ, ಪ್ರತಿ ಪೂಜೆಗೂ ಪಾರ್ಟಿ. ಪಾರ್ಟಿ ನಡೆಯುತ್ತಿದ್ದುದು ಮರಿಯಮ್ಮನಹಳ್ಳಿ ರಸ್ತೆಯ ಢಾಬಾದಲ್ಲಿ. ವಿಮೆ ಮಾಡಿಸಿಕೊಟ್ಟವನು ಹೋಗದಿದ್ದರೆ ಮುಂದಿನ ಗಾಡಿ ಬೇರೆ ಏಜೆಂಟನ ಪಾಲು.

ನಾವು ಲಿಂಗವಂತರು, ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಬಾಯಿ ತುಂಬ ಹೇಳಿದವರಲ್ಲ. ಹೀಗಾಗಿ ನಾನು ಮೇಜಿನ ಕೊನೆಯಲ್ಲಿ ಮಜ್ಜಿಗೆಯ ಗ್ಲಾಸನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿರುತ್ತಿದ್ದೆ. ಸುತ್ತ ಕೋಳಿಕಾಲು ಹರಿಯುವಾಗ ಹನಿ ಸಿಡಿದು ಬಿದ್ದರೆ ಎಂಬ ಭಯ. ಮನೆಗೆ ಬಂದಾಗ ಅಂಗಿ ಮಾತ್ರ ಎಲ್ಲ ತಿಂದು, ಎಲ್ಲ ಕುಡಿದು, ಸಿಗರೇಟನ್ನೂ ಸೇದಿದಂತೆ ನಾರುತ್ತಿತ್ತು. ಅವ್ವ ಸೆರಗನ್ನು ಮೂಗಿಗೆ ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದಳು.

ಆ ಬೇಸಿಗೆಯ ಬೆಳಿಗ್ಗೆ ನನ್ನ ಹೆಬ್ಬೆರಳಿನ ಬುಡ ಟೊಮ್ಯಾಟೊ ಹಣ್ಣಿನಂತೆ ಕೆಂಪಗೆ ಊದಿ ಮಿರುಗುತ್ತಿತ್ತು. ಹೊದಿಕೆ ತಾಗಿದರೆ ಜೀವ ಹೋಗುತ್ತಿತ್ತು. ಫ್ಯಾನಿನ ಗಾಳಿ ಬೀಸಿದರೂ ಯಾರೋ ಬೆರಳನ್ನು ಅಡಕತ್ತರಿಯಲ್ಲಿ ಇಟ್ಟಂತೆ ಆಗುತ್ತಿತ್ತು. ಫ್ಯಾನ್ ಆರಿಸಿದೆ. ಹೊಸಪೇಟೆಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿಕೊಂಡು ಮಲಗಿದ್ದನ್ನು ನೋಡಿಯೇ ಹೆಂಡತಿ ಗಿರಿಜಾ ಗಾಬರಿಯಾದಳು.

“ಚಿಕುನ್‌ಗುನ್ಯಾ ಏನ್ರಿ?” ಎಂದಳು.

“ಜ್ವರ ಇಲ್ಲ. ಒಂದ ಬೆರಳು.”

“ಹಂಗಾರ ಎಲ್ಲ್ಯರ ಎಡವಿರಬೇಕು.”

“ಎಡವಿದ್ದರ ನೆನಪಿರತಿತ್ತಲ್ಲ. ನನಗ ನೆನಪಿಲ್ಲ ಅಂದ್ರ ತಲ್ಯಾಗ ಏನರ ಆಗಿರಬೇಕು. ಸ್ಟ್ರೋಕ್ ಆದವರಿಗೂ ಹಿಂಗ—”

“ಏಳ್ರಿ ಮ್ಯಾಲೆ,” ಎಂದಳು ಗಿರಿಜಾ. ನನ್ನ ರೋಗಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊಸದಾಗಿ ತೆರೆದಿದ್ದ ಕ್ಲಿನಿಕ್ಕಿಗೆ ಆಟೋದಲ್ಲಿ ಹೋದೆವು. ಅವ್ವನೂ ಬಂದಳು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಡಾಕ್ಟರು ಚಿಕ್ಕ ವಯಸ್ಸಿನವರು, ಬಾಗಿಲಾಚೆ ಜನವೋ ಜನ. ಬೆರಳನ್ನು ನೋಡಿದರು, ಮುಟ್ಟಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದರು. ಚೀಟಿ ಬಂದ ಮೇಲೆ ಅದನ್ನು ನೋಡಿ ನಕ್ಕು, ಅವ್ವನೂ ಹೆಂಡತಿಯೂ ನನ್ನ ಎಡಕ್ಕೂ ಬಲಕ್ಕೂ ನಿಂತಿರುವಾಗಲೇ ಕೇಳಿದರು:

“ಮಟನ್ ವಾರಕ್ಕೆ ಎಷ್ಟು ಸಲ ಸರ್?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು:

“ಬಿಯರು? ದಿನಾ, ಇಲ್ಲ ಪಾರ್ಟಿ ಇದ್ದಾಗ ಮಾತ್ರ?”

ತಿನ್ನುತ್ತೀರಾ ಎಂದಲ್ಲ, ಎಷ್ಟು ಸಲ ಎಂದು. ಅವರದ್ದೂ ತಪ್ಪಲ್ಲ. ಅದೇ ಬೆಂಚಿನ ಮೇಲೆ ನನಗಿಂತ ಮೊದಲು ಅದೇ ಬೆರಳು ಊದಿಸಿಕೊಂಡು ಕೂತಿದ್ದವರೆಲ್ಲ ಹೊಸ ಕಾರು, ಹೊಸ ಟಿಪ್ಪರಿನವರು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿದೆ, ಅದು ಸಣ್ಣ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂತಿದೆ, ಇದಕ್ಕೆ ಗೌಟ್ ಅನ್ನುತ್ತಾರೆ ಎಂದು ವಿವರಿಸಿದರು. ಮಾಂಸ, ಮದ್ಯ ಬಿಟ್ಟರೆ ಸರಿಹೋಗುತ್ತದೆ ಎಂದರು.

“ನಾನು ತಿನ್ನಂಗಿಲ್ರಿ,” ಎಂದೆ. ನನ್ನ ದನಿ ನನಗೇ ಸುಳ್ಳು ಹೇಳುವವನ ದನಿಯಂತೆ ಕೇಳಿಸಿತು.

ಡಾಕ್ಟರು ಅವ್ವನ ಹಣೆಯನ್ನು ನೋಡಿದರು, ನನ್ನನ್ನು ನೋಡಿದರು, ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. “ಆಯ್ತು ಸರ್. ತಿನ್ನಬೇಡಿ ಹಂಗಾದ್ರೆ,” ಎಂದರು.

ಅವ್ವ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನಡೆದಳು. ಆಟೋದಲ್ಲಿ ನನ್ನ ಮಗ್ಗುಲಲ್ಲೇ ಕೂತರೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಳು. ಆ ಗೇಣನ್ನು ನೋಡಿದ ಮೇಲೆ ಬೆರಳಿನ ನೋವು ಸ್ವಲ್ಪ ಹೊತ್ತು ಮರೆತೇಹೋಯಿತು.

ಆವತ್ತು ಊಟಕ್ಕೆ ಕುರ್ಚಿಯಲ್ಲಿ ಕಾಲು ಚಾಚಿ ಕೂತೆ. ಅವ್ವ ಅಟ್ಟದಿಂದ ಅಪ್ಪನ ಕಂಚಿನ ಗಂಗಾಳ ಇಳಿಸಿ, ತಿಕ್ಕಿ, ನನ್ನ ಮುಂದೆ ಇಟ್ಟಳು. ನಾವು ಕಂಪ್ಲಿಯಲ್ಲಿದ್ದ ಕಾಲದಲ್ಲಿ ಅಪ್ಪ ಅದರಲ್ಲಿ ಊಟ ಮಾಡುತ್ತಿದ್ದ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತ; ಅಕ್ಕಿಯ ಲೋಡಿನ ಜೊತೆ ಆದವಾನಿ, ರಾಯಚೂರು ಎಂದು ಹೋದರೆ ಲಾಡ್ಜಿನಲ್ಲಿ ಉಳಿದು ಬರುತ್ತಿದ್ದ. ಆ ಗಂಗಾಳಕ್ಕೆ ಕೈ ಹಾಕಿದರೆ ನನಗೂ ನನ್ನ ತಮ್ಮನಿಗೂ ಏಟು ಬೀಳುತ್ತಿತ್ತು. “ಅದು ನಿಮ್ಮಪ್ಪಂದು, ಮುಟ್ಟಬ್ಯಾಡ್ರಿ.” ಮನೆಯ ಯಜಮಾನನಿಗೆ ಸಲ್ಲುವ ಗೌರವ ಎಂದು ನಾವು ತಿಳಿದಿದ್ದೆವು. ದೊಡ್ಡವನಾದ ಮೇಲೆ ನನಗೂ ಅಂಥದೊಂದು ಬರುತ್ತದೆ ಎಂದು ಆಸೆಯಿಂದ ಕಾದಿದ್ದೆ ಕೂಡ. ಡಾಕ್ಟರು ಏನೇ ಅನ್ನಲಿ, ಅವ್ವ ನನ್ನನ್ನು ನಂಬಿದ್ದಾಳೆ, ನೋವಿನಲ್ಲಿರುವ ಮಗನಿಗೆ ಅಪ್ಪನ ಗಂಗಾಳ ಕೊಟ್ಟಿದ್ದಾಳೆ ಎಂದುಕೊಂಡು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಾರನೆಯ ದಿನ ಹುಲುಗಪ್ಪ ಕಂಪ್ಲಿ ಬಾಳೆಹಣ್ಣಿನ ಗೊನೆಯನ್ನೇ ಹೊತ್ತುಕೊಂಡು ನೋಡಲು ಬಂದ. ಗಿರಿಜಾ ಅವನಿಗೆ ಚಹಾ ಕೊಡುತ್ತ, ಅವ್ವನಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

“ಹುಲುಗಪ್ಪಣ್ಣ, ಖರೇ ಹೇಳ್ರಿ. ಢಾಬಾದಾಗ ಇವರು ಏನು ತಿಂತಾರ?”

ಹುಲುಗಪ್ಪ ಕಪ್ಪು ಕೆಳಗಿಟ್ಟ. “ಅಕ್ಕಾರ, ಇವರು ಕುಂತರ ನಮಗ ಮರ್ಯಾದಿ ಹೋಗತೈತ್ರಿ. ಮಸ್ತ್ ಕಬಾಬ್ ಬಂದಿರತೈತಿ, ಈ ಮನಿಷ್ಯಾ ಮಜ್ಜಿಗಿ ತರಸ್ತಾನ. ಮಜ್ಜಿಗಿಗೂ ಮುಚ್ಚಳ! ಸಪ್ಲೈಯರ್ ಹುಡುಗೂರು ಇವರಿಗೆ ‘ಮಜ್ಜಿಗಿ ಸ್ವಾಮಿ’ ಅಂತ ಹೆಸರಿಟ್ಟಾರ.”

ನನಗೆ ಆ ಹೆಸರು ಗೊತ್ತಿರಲಿಲ್ಲ. ಆದರೂ ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಅವನು ಹೋದ ಮೇಲೆ ಅವ್ವ ಒಳಗಿನಿಂದಲೇ, “ಕುಡುಕನ ಪರವಾಗಿ ಇನ್ನೊಬ್ಬ ಕುಡುಕ ಸಾಕ್ಷಿ ಹೇಳ್ದ,” ಎಂದಳು.

ಆ ಸಂಜೆ ಗಿರಿಜಾ ಬೆರಳಿಗೆ ತಣ್ಣೀರಿನ ಬಟ್ಟೆ ಇಡುತ್ತಿದ್ದಳು. “ನೀನರ ನಂಬತೀ?” ಎಂದೆ.

“ನಂಬತೀನ್ರಿ. ನಿಮಗ ಅಷ್ಟು ಧೈರ್ಯ ಎಲ್ಲೈತಿ? ಒಂದು ತುಂಡು ತಿಂದಿದ್ದರ, ಗಂಟಲಾಗ ಎಲುಬು ಸಿಕ್ಕೈತಿ ಅಂತ ಅವತ್ತ ದವಾಖಾನಿಗೆ ಓಡಿರತಿದ್ರಿ.” ನಂತರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಆದ್ರ ಅತ್ತಿ ನಂಬಿಲ್ಲ. ನಿಮಗ ತಿಳೀವಲ್ದೇನು? ನಿಮ್ಮ ಗಂಗಾಳ ಒಳಗ ತೊಳ್ಯಾಂಗಿಲ್ಲ. ಹಿತ್ತಲ ನಳದಾಗ ಬ್ಯಾರೆ ತೊಳೀತಾರ, ಬ್ಯಾರೆ ಬೋರಲು ಹಾಕ್ತಾರ. ನಮ್ಮ ತಾಟಿನ ಕೂಡ ಇಡಬ್ಯಾಡ ಅಂತ ನನಗ ಹೇಳ್ಯಾರ.”

ನಾನು ಹಿತ್ತಲ ಬಾಗಿಲ ತನಕ ಕುಂಟಿಕೊಂಡು ಹೋದೆ. ನಳದ ಪಕ್ಕದ ಕಲ್ಲಿನ ಮೇಲೆ ಗಂಗಾಳ ಬೋರಲಾಗಿ ಬಿದ್ದಿತ್ತು, ಒಂದೇ. ಆಗ ನನ್ನ ಕಣ್ಣಿಗೆ ಬಂದದ್ದು ಕಂಪ್ಲಿಯ ಹಿತ್ತಲು. ಅಲ್ಲಿ ಬಾವಿಕಟ್ಟೆಯ ಮೇಲೆ, ಮನೆಯ ಉಳಿದೆಲ್ಲ ಪಾತ್ರೆಗಳಿಂದ ದೂರ, ಇದೇ ಗಂಗಾಳ ಹೀಗೇ ಬೋರಲಾಗಿ ಬಿದ್ದಿರುತ್ತಿತ್ತು. ದಿನಾ. ನನ್ನ ಇಡೀ ಬಾಲ್ಯದಲ್ಲಿ ದಿನಾ. ಕೆಟ್ಟದ್ದೆಲ್ಲವನ್ನೂ ಮೊದಲೇ ಊಹಿಸುವ ನಾನು ಕಣ್ಣೆದುರಿಗಿದ್ದ ಅದೊಂದನ್ನು ಒಮ್ಮೆಯೂ ಊಹಿಸಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಮೇಲೆ ಕುಂಟುತ್ತ ಒಳಗೆ ಬಂದೆ.

ಅವ್ವ ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದಳು.

“ಯವ್ವಾ, ಅಪ್ಪನ ಗಂಗಾಳ ಯಾಕ ಬ್ಯಾರೆ ಇಡತಿದ್ದಿ?”

ಮೊರ ನಿಲ್ಲಲಿಲ್ಲ. “ಈಗ್ಯಾಕ ಅದು?”

“ಹೇಳು.”

“ನಿನಗ ಯಾಕ ಇಟ್ಟೀನೋ, ಅದಕ್ಕ.” ಹೊಟ್ಟು ಮುಂದಕ್ಕೆ ತಂದು ಊದಿದಳು. “ನಿಮ್ಮಪ್ಪಗೂ ಇದ ಬೆರಳು ಹಿಂಗ ಊದತಿತ್ತು. ವಾತ ಅಂತ ಊರವರ ಮುಂದ ಹೇಳತಿದ್ದ. ಆಗಿನ ಡಾಕ್ಟರ್ ನೋಡಿ, ‘ಖಂಡ ತಿಂತೀಯೇನಪ್ಪಾ’ ಅಂತ ನನ್ನ ಮುಂದನ ಕೇಳ್ದ.”

“ಅಪ್ಪ ಏನಂದ?”

“ಇಲ್ರಿ ಅಂದ. ಮನಿಗೆ ಬಂದ ಮ್ಯಾಲೆ ಲಿಂಗ ಮುಟ್ಟಿ ಹೇಳತೀನಿ ಅಂದ. ನಾನ ಬ್ಯಾಡ ಅಂದೆ. ಸುಳ್ಳಿಗೆ ಲಿಂಗ ಮುಟ್ಟಿದ ಪಾಪ ಬ್ಯಾರೆ ಯಾಕ?”

“ಅಂದ್ರ ನೀ ನಂಬಲಿಲ್ಲ.”

“ತಿಂಗಳಾಗ ಅರ್ಧ ಪರಊರಾಗ ಇರಾಂವ. ಬಾಯಿ ಸುಳ್ಳು ಹೇಳತೈತಪ್ಪಾ. ಬೆರಳು ಹೇಳತೈತೇನು?”

“ಆಮ್ಯಾಲೆ?”

“ಆಮ್ಯಾಲೇನು. ಅಡಗಿ ಮಾಡಿದೆ, ನೀಡಿದೆ. ಗಂಗಾಳ ಬ್ಯಾರೆ ಇಟ್ಟೆ. ಆತ ಯಾಕಂತ ಕೇಳಲಿಲ್ಲ. ನಾ ಹೇಳಲಿಲ್ಲ.”

ಅಪ್ಪ ಸಾಯುವ ತನಕ ಆ ಗಂಗಾಳದಲ್ಲೇ ಉಂಡ. ಯಾಕೆಂದು ಅವನಿಗೆ ಗೊತ್ತಿತ್ತು. ನಮ್ಮ ಮುಂದೆ ಯಾವತ್ತೂ ಮುಖ ಸಣ್ಣದು ಮಾಡಿದವನಲ್ಲ. ಅದರ ಅಂಚಿಗೆ ಬೆರಳಿನಿಂದ ಬಡಿದು ಸದ್ದು ಮಾಡಿ ನಮ್ಮನ್ನು ನಗಿಸುತ್ತಿದ್ದ. ಅಪ್ಪ ತಿಂದಿರಬಹುದೇ? ತಿಂದಿರಲೂಬಹುದು. ಆದರೆ ನಾನು ತಿಂದಿಲ್ಲ, ನನ್ನ ಬೆರಳೂ ಊದಿದೆ. ಹಾಗಾದರೆ ಬೆರಳಿನ ಮಾತನ್ನು ಎಷ್ಟು ನಂಬಬೇಕು?

“ನಾಳೆ ನನ್ನ ಕೂಡ ಬಳ್ಳಾರಿಗೆ ಬಾ,” ಎಂದೆ. “ಬ್ಯಾರೆ ಡಾಕ್ಟರ್ ಏನಂತಾರೋ ನೀನ ಕೇಳು.”

“ಎಷ್ಟು ಡಾಕ್ಟರಿಗೆ ತೋರಿಸಿದ್ರೂ ಬೆರಳು ಅದ.”

“ಆದ್ರೂ ಬಾ. ಅಪ್ಪನ್ನ ಯಾರೂ ಎರಡನೇ ಡಾಕ್ಟರಿಗೆ ತೋರಿಸಲಿಲ್ಲಲ್ಲ.”

ಅವ್ವ ಮೊರವನ್ನು ಕೆಳಗಿಟ್ಟಳು. ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಸೀರೆ ಬದಲಿಸಿಕೊಂಡು ನಮಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು.

ಬಳ್ಳಾರಿಯ ಡಾಕ್ಟರು ವಯಸ್ಸಾದವರು, ಕೀಲು ನೋವಿಗೆ ಹೆಸರಾದವರು. ಅವರ ಪಡಸಾಲೆಯಲ್ಲಿ ಬೆಂಚುಗಳ ತುಂಬ ನೋವು ಕೂತಿತ್ತು. ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಎದ್ದರೆ ಎರಡೂ ಕೈಯ ಗೆಣ್ಣು ಬಿಗಿದು, ರೊಟ್ಟಿಯ ಹಿಟ್ಟು ನಾದಲು ಆಗುವುದಿಲ್ಲ, ಬಿಸಿಲೇರಿದ ಮೇಲೆ ಸಡಿಲಾಗುತ್ತದೆ ಎನ್ನುತ್ತಿದ್ದಳು. ಅದು ಮೈಯೇ ತನ್ನ ಕೀಲಿನ ಮೇಲೆ ತಿರುಗಿಬೀಳುವ ಸಂಧಿವಾತವಂತೆ. ತಡ ಮಾಡದೆ ಮದ್ದು ಶುರು ಮಾಡಬೇಕಂತೆ. ಒಬ್ಬ ಮುದುಕನ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಎನ್ನುತ್ತಿತ್ತು; ಅದು ಸವೆತ. ಇನ್ನೊಬ್ಬನಿಗೆ ಜ್ವರ ಬಿಟ್ಟು ತಿಂಗಳುಗಳಾದರೂ ಚಿಕುನ್‌ಗುನ್ಯಾ ಕೀಲುಗಳನ್ನು ಬಿಟ್ಟಿರಲಿಲ್ಲ. ಚಳಿಜ್ವರದ ಜೊತೆ ಒಂದೇ ಮೊಣಕಾಲು ಕೆಂಡವಾಗಿ ಊದಿದ್ದ ಒಬ್ಬನನ್ನು ಮಾತ್ರ ಡಾಕ್ಟರು ಸರದಿ ತಪ್ಪಿಸಿ, ಕೀವಾಗಿದ್ದರೆ ಒಂದು ದಿನವೂ ಕಾಯಬಾರದೆಂದು ಆಸ್ಪತ್ರೆಗೆ ಕಳಿಸಿದರು. ನನ್ನ ಸರದಿ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದ ಎಲ್ಲರ ಕಾಯಿಲೆಯೂ ಒಂದೊಂದಾಗಿ ನನಗೆ ಬಂದು ಹೋಗಿತ್ತು.

ಡಾಕ್ಟರು ಬೆರಳನ್ನು ನೋಡಿ, “ಗೌಟ್ ಖರೇ,” ಎಂದರು. ಅವ್ವ ಮುಖ ತಿರುಗಿಸಿದಳು.

“ಆದ್ರ ಇವರು ಖಂಡ ತಿನ್ನಂಗಿಲ್ರಿ, ಕುಡ್ಯಾಂಗಿಲ್ಲ,” ಎಂದು ಗಿರಿಜಾ ನನಗಿಂತ ಮೊದಲು ಹೇಳಿದಳು.

“ತಿನ್ನದಿದ್ದರ ಏನಾತವ್ವ? ಯೂರಿಕ್ ಆಸಿಡ್ ನಮ್ಮ ಮೈಯಾಗ ತಾನ ಹುಟ್ಟತೈತಿ. ತಿಂದವರಿಗೆ ಒಂದಿಷ್ಟು ಹೆಚ್ಚು. ಅದನ್ನ ಕಿಡ್ನಿ ಹೊರಗ ಹಾಕಬೇಕು. ಕೆಲವು ಮನಿತನದಾಗ ಹುಟ್ಟಿದಾಗಿಂದನ ಅದು ನಿಧಾನ. ಮ್ಯಾಲೆ ಬಿಸಲಾಗ ತಿರುಗಾಡಿ ನೀರು ಕುಡೀಲಿಲ್ಲ ಅಂದ್ರ ಮುಗೀತು.” ನನ್ನ ಕಡೆ ತಿರುಗಿದರು. “ಬ್ಯಾರೆ ಏನೇನು ಗುಳಿಗಿ ತಗೋತೀರಿ?”

ಗುಳಿಗೆ ಎಂದರೆ ನಾನು ತಡಮಾಡುವವನಲ್ಲ. ಜೇಬಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ: ಹೊಟ್ಟೆಯುರಿಗೆ, ನೆಗಡಿಗೆ, ತಲೆಸುತ್ತು ಬಂದರೆ ಇರಲಿ ಎಂದು, ಬಿ.ಪಿ.ಗೆ. ಚಿಂತೆ ಹೆಚ್ಚಾಗಿ ಬಿ.ಪಿ. ಏರಿದೆ ಎಂದು ಹಿಂದಿನ ಚಳಿಗಾಲದಲ್ಲಿ ಶುರು ಮಾಡಿಸಿದ್ದರು. ಡಾಕ್ಟರು ಉಳಿದದ್ದನ್ನೆಲ್ಲ ಪಕ್ಕಕ್ಕೆ ಸರಿಸಿ ಅದೊಂದನ್ನು ಎತ್ತಿಕೊಂಡರು.

“ಇದು ನೀರಿನ ಗುಳಿಗಿ. ಮೂತ್ರ ಹೆಚ್ಚು ಮಾಡಿಸಿ ಬಿ.ಪಿ. ಇಳಸತೈತಿ. ಒಳ್ಳೇದ ಐತಿ, ಭಾಳ ಮಂದಿಗೆ ಕೊಡ್ತೀವಿ. ಆದ್ರ ನಿಮ್ಮಂಥವರಿಗೆ ಯೂರಿಕ್ ಆಸಿಡ್ ಹೊರಗ ಹೋಗಲಾರದಂಗ ಹಿಡಿದಿಡತೈತಿ. ನೀವ ಬಿಡಾಕ ಹೋಗಬ್ಯಾಡ್ರಿ, ನಾ ಬ್ಯಾರೆ ಬರ್ದು ಕೊಡ್ತೀನಿ.” ಚೀಟಿ ಬರೆಯುತ್ತಲೇ ಕೇಳಿದರು, “ಮನ್ಯಾಗ ಮತ್ತ ಯಾರಿಗರ ಇತ್ತೇನು?”

ನಾನು ಅವ್ವನ ಕಡೆ ನೋಡಲಿಲ್ಲ. ಗಿರಿಜಾ ನೆಲ ನೋಡುತ್ತಿದ್ದಳು.

“ಸರ್ರ,” ಎಂದಳು ಅವ್ವ. “ಈ ಗುಳಿಗಿ ಆಗಿನ ಕಾಲಕ್ಕೂ ಇತ್ತೇನ್ರಿ?”

“ಯಾವಾಗಿನ ಕಾಲಕ್ಕವ್ವ?”

“ಇವನು ಸಣ್ಣಾಂವ ಇದ್ದಾಗ.”

“ಓ, ಇತ್ತಲ್ಲ. ಭಾಳ ಹಳೇ ಗುಳಿಗಿ ಇದು.”

ಅವ್ವ ಮೇಜಿನ ಅಂಚನ್ನು ಹಿಡಿದುಕೊಂಡಳು. “ನಮ್ಮ ಮನಿಯವರಿಗೆ ಬಿ.ಪಿ. ಇತ್ರಿ. ಬಿಳೇದು ಒಂದು ಗುಳಿಗಿ, ಮುರಿದು ಅರ್ಧ ನುಂಗತಿದ್ರು. ನುಂಗಿದ ಮ್ಯಾಲೆ ತಾಸಿಗೊಮ್ಮೆ ಹಿತ್ತಲಿಗೆ ಏಳತಿದ್ರು. ನಾ ಬೈತಿದ್ದೆ, ಕುಂತಲ್ಲಿ ಕುಂದ್ರಾಂಗಿಲ್ಲ ಅಂತ. ಅದು ಶುರು ಆದ ಮ್ಯಾಲೇನ ಬೆರಳು ಊದಿದ್ದು. ಮದಲು ಇರಲಿಲ್ಲ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ನೋಡದ ರೋಗಿಯ ಬಗ್ಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದಂತೆ ಕಂಡಿತು. ಆಮೇಲೆ ಮೆಲ್ಲಗೆ, “ಅದ ಇದ್ದಿರಬೇಕವ್ವ,” ಎಂದರು.

ಅವ್ವ ನನ್ನ ಮುಂದೆ ಅಂಗೈ ಚಾಚಿದಳು. “ಒಂದು ಕೊಡಿಲ್ಲೆ.”

ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ ಅವಳ ಅಂಗೈಗೆ ಹಾಕಿದೆ. ಬಿಳಿ, ಚಪ್ಪಟೆ, ನಡುವೆ ಮುರಿಯಲೆಂದು ಒಂದು ಗೆರೆ. ಅವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಗುರನ್ನು ಆ ಗೆರೆಯ ಮೇಲಿಟ್ಟು ಒತ್ತಿದಳು. ಸದ್ದಿಲ್ಲದೆ ಎರಡಾಯಿತು. ಒಂದು ಅರ್ಧವನ್ನು ಬೆರಳ ತುದಿಗೆ ಅಂಟಿಸಿಕೊಂಡು, ಕಣ್ಣಿಗೆ ಕಾಣಿಸುವುದಿಲ್ಲವೇನೋ ಎಂಬಂತೆ ಹತ್ತಿರ ತಂದುಕೊಂಡು ನೋಡಿದಳು.

“ಇಷ್ಟು ಸಣ್ಣದೈತಲ್ಲೋ,” ಎಂದಳು.